ಪಾಸಾದರೆ ಕೆಲಸ ಹೋಗುವ ಪರೀಕ್ಷೆ

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಮಾಡುವ ಕೆಲಸ ಏನು ಅನ್ನುವುದು ನಿಮ್ಮ ಮನೆಯವರಿಗೂ ಅರ್ಥವಾಗುವುದಿಲ್ಲ, ಆಸ್ಪತ್ರೆಯವರಿಗೂ ಅರ್ಥವಾಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನಾನು ರಾಮನಗರದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಸೈಕಾಲಜಿಸ್ಟ್ ಆಗಿ ದುಡಿದು ನಿವೃತ್ತಳಾದವಳು. ನರದ ಕಾಯಿಲೆ ಬಂದವರ ನೆನಪು ಹೇಗಿದೆ, ಗಮನ ಹೇಗಿದೆ, ಯೋಚನೆ ಎಷ್ಟು ಚುರುಕಾಗಿ ಓಡುತ್ತದೆ ಅಂತ ಪರೀಕ್ಷೆ ಮಾಡಿ ಡಾಕ್ಟರಿಗೆ ಬರೆದುಕೊಡುವುದು ನನ್ನ ಕೆಲಸ. ಕನಕಪುರದಲ್ಲಿದ್ದ ನಮ್ಮಮ್ಮ ಮಾತ್ರ ಕೊನೆಯವರೆಗೂ ನೆಂಟರ ಮುಂದೆ “ನಮ್ಮ ಹುಡುಗಿ ಆಸ್ಪತ್ರೇಲಿ ಕಾಯಿಲೆಯವರ ಹತ್ರ ಮಗ್ಗಿ ಒಪ್ಪಿಸ್ಕೊಳ್ತಾಳೆ” ಅಂತಲೇ ಹೇಳುತ್ತಿದ್ದರು. ತೀರಾ ತಪ್ಪೇನೂ ಅಲ್ಲ ಬಿಡಿ.

ನಮ್ಮ ಅಟೆಂಡರ್ ಗಂಗಣ್ಣ ನನಗಿಟ್ಟ ಹೆಸರು ‘ತಲೆ ಮೇಡಂ’. “ತಲೆ ಮೇಡಂಗೆ ಯಾರಿದ್ದೀರಪ್ಪಾ?” ಅಂತ ಅವನು ವರಾಂಡದಲ್ಲಿ ಕೂಗಿದರೆ ಬೆಂಚಿನ ಮೇಲಿದ್ದವರಲ್ಲಿ ಅರ್ಧ ಜನ ಎದ್ದು ಚಪ್ಪಲಿ ಹುಡುಕುತ್ತಿದ್ದರು. ತಲೆ ಮೇಡಂ ಹತ್ತಿರ ಹೋಗಿಬಂದರು ಅಂತ ಊರಲ್ಲಿ ಗೊತ್ತಾದರೆ ಮುಗೀತು, ಹುಚ್ಚು ಅಂತ ಷರಾ ಬರೆದ ಹಾಗೆಯೇ. ಮನೆಯಲ್ಲಿ ಮದುವೆ ವಯಸ್ಸಿಗೆ ಬಂದವರು ಇದ್ದರಂತೂ ಕೇಳುವುದೇ ಬೇಡ. ಹಾಗಾಗಿ ಧೈರ್ಯ ಮಾಡಿ ನನ್ನ ರೂಮಿನ ಒಳಗೆ ಬಂದವರಿಗೆಲ್ಲ ಒಂದೇ ಗುರಿ: ಹೇಗಾದರೂ ಮಾಡಿ ಪಾಸಾಗಬೇಕು. ನಾನು ಮುಂದೆ ಹೇಳುವ ರಾಮಾಯಣವೆಲ್ಲ ಹುಟ್ಟಿದ್ದು ಇದರಿಂದಲೇ.

ಆಗ ರಾಮನಗರ ಇನ್ನೂ ಜಿಲ್ಲೆಯಾಗಿರಲಿಲ್ಲ, ಆಗುತ್ತದಂತೆ ಅನ್ನುವ ಮಾತಷ್ಟೇ ಇತ್ತು. ಬಿಡದಿ ಸುತ್ತ ರಾಗಿ ಹೊಲಗಳಿದ್ದ ಕಡೆ ತಗಡಿನ ಶೆಡ್ಡುಗಳು ಏಳುತ್ತಿದ್ದವು. ಬೆಳಗಾದರೆ ಹಳ್ಳಿ ಹಳ್ಳಿಗೆ ಕಂಪನಿ ಬಸ್ಸು ಬರುವುದು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹೆಣ್ಣುಮಕ್ಕಳು ಟಿಫಿನ್ ಡಬ್ಬಿ ಹಿಡಿದು ಹತ್ತುವುದು. ಆ ಕಾಲದಲ್ಲಿ ನಮ್ಮ ಆಸ್ಪತ್ರೆಗೆ ವಾರಕ್ಕೊಮ್ಮೆ ಬೆಂಗಳೂರಿನಿಂದ ನರರೋಗದ ದೊಡ್ಡ ಡಾಕ್ಟರು ಬರುತ್ತಿದ್ದರು. ಬಹಳ ಒಳ್ಳೆಯವರು, ಬಹಳ ಅವಸರದವರು. ಬಿಡದಿಯಲ್ಲಿ ತಟ್ಟೆ ಇಡ್ಲಿ ಖಾಲಿಯಾಗುವುದರೊಳಗೆ ವಾಪಸ್ ಹೊರಡಬೇಕು ಅನ್ನುವುದೇ ಅವರ ಟೈಮ್ ಟೇಬಲ್ಲು. ರೋಗಿಯ ಬುದ್ಧಿಶಕ್ತಿಯನ್ನು ಅವರು ಪರೀಕ್ಷಿಸುವ ಕ್ರಮ ಹೀಗಿತ್ತು: “ಹೇಗಿದ್ದೀಯಮ್ಮ?” “ಚೆನ್ನಾಗಿದೀನಿ ಸಾರ್.” “ಊಟ ಆಯ್ತಾ?” “ಆಯ್ತು ಸಾರ್.” ಆಮೇಲೆ ನನ್ನ ಕಡೆ ತಿರುಗಿ, “ತಲೆ ಪರ್ಫೆಕ್ಟ್ ಆಗಿದೆ. ನೀವ್ಯಾಕ್ರೀ ಸುಮ್ನೆ ಒಂದು ಗಂಟೆ ಕೂರಿಸ್ಕೋತೀರಾ?” ಅನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಯಾಕೆ ಉರಿಯುತ್ತಿತ್ತು ಅಂದರೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ಒಂದು ಕಾಯಿಲೆ ಇದೆ. ವಯಸ್ಸಾದವರದ್ದಲ್ಲ. ಮೈಕೈ ಗಟ್ಟಿಯಿರುವ ಪ್ರಾಯದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಬರುವಂಥದ್ದು. ದೇಹವೇ ತನ್ನ ನರಗಳ ಮೇಲಿನ ಹೊದಿಕೆಯನ್ನು ತಾನೇ ಹಾಳು ಮಾಡಿಕೊಳ್ಳುತ್ತದೆ. ಒಮ್ಮೆ ಕಣ್ಣು ಮಂಜು, ಒಮ್ಮೆ ಕಾಲು ಜೋಮು. ವಾಸಿಯಾಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಬರುತ್ತದೆ. ಕಾಲು ಎಳೆದರೆ ಎಲ್ಲರಿಗೂ ಕಾಣುತ್ತದೆ, ಯೋಚನೆ ಎಳೆದರೆ ಯಾರಿಗೂ ಕಾಣುವುದಿಲ್ಲ. ಊಟ ಆಯ್ತಾ ಅಂದರೆ ಆಯ್ತು ಅನ್ನುವುದಕ್ಕೆ ಯೋಚನೆ ಯಾಕೆ ಬೇಕು ಹೇಳಿ. ಅದಕ್ಕೇ ಪರೀಕ್ಷೆ ಬೇಕು.

ಪರೀಕ್ಷೆಗಳೋ, ಎಲ್ಲ ಪರದೇಶದವು. ಅವನ್ನು ಕನ್ನಡಕ್ಕೆ ತಂದು ನಮ್ಮ ಜನರ ಮುಂದೆ ಇಟ್ಟಾಗ ಏನೇನಾಯಿತು ಅಂತ ಎರಡು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಒಂದು ನಿಮಿಷದಲ್ಲಿ ಎಷ್ಟು ತರಕಾರಿಯ ಹೆಸರು ಹೇಳುತ್ತೀರಿ ಅನ್ನುವುದು ಒಂದು. ಮಾಗಡಿ ಕಡೆಯ ಯಜಮಾನರೊಬ್ಬರಿಗೆ ಗಡಿಯಾರ ಒತ್ತಿ “ಹೇಳಿ” ಅಂದೆ. “ಅವರೆಕಾಯಿ” ಅಂದರು. ಅಂದವರು ಅಲ್ಲೇ ಕೂತುಬಿಟ್ಟರು. ಯಾವ ಹೊಲದ ಅವರೆಗೆ ಸೊಗಡು ಜಾಸ್ತಿ, ಈ ಸಲ ಮಂಜು ಕಡಿಮೆಯಾಗಿ ಹೂವು ಹೇಗೆ ಉದುರಿತು, ಹಿತಕಿದ ಬೇಳೆ ಸಾರಿಗೆ ಅವರ ತಾಯಿ ಏನು ಅರೆಯುತ್ತಿದ್ದರು, ಎಲ್ಲ ಬಂತು. ನಿಮಿಷ ಮುಗಿಯಿತು, ನನ್ನ ಬಾಯಲ್ಲಿ ನೀರೂರಿತು. ಅವರಿಗೆ ಸಿಕ್ಕಿದ್ದು ಒಂದೇ ಅಂಕ. ಆ ಲೆಕ್ಕದಲ್ಲಿ ಅವರ ಬುದ್ಧಿ ಪೂರ್ತಿ ಹಾಳಾಗಿರಬೇಕಿತ್ತು.

ಇನ್ನೊಂದು, ಕ್ಯಾಸೆಟ್ಟಿನ ಪರೀಕ್ಷೆ. ಟೇಪ್ ರೆಕಾರ್ಡರ್ ಒಂದೊಂದಾಗಿ ಅಂಕಿ ಹೇಳುತ್ತಾ ಹೋಗುತ್ತದೆ, ಪ್ರತಿ ಅಂಕಿಯನ್ನೂ ಅದರ ಹಿಂದಿನದಕ್ಕೆ ಕೂಡಿಸಿ ಹೇಳಬೇಕು. ಎಷ್ಟೋ ಓದಿದವರೂ ಬೆವರುವ ಪರೀಕ್ಷೆ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ದಿನಾ ಹರಾಜು ಕೂಗಿ ಗೂಡು ಕೊಂಡು ನೂಲು ತೆಗೆಯುವ ರೀಲರ್ ಒಬ್ಬರು ಬಂದಿದ್ದರು. ಕ್ಯಾಸೆಟ್ಟು “ಮೂರು” ಅಂದಿತು. ಇವರು “ನಾಕು!” ಅಂದರು. “ಐದು” ಅಂದಿತು. “ಆರು!” ಅಂತ ಎದ್ದು ನಿಂತರು. “ಎಂಟು” ಅಂದಿತು. “ಒಂಬತ್ತು! ನೋಡೇಬುಡಾನಾ ಇವತ್ತು, ಯಾವನ್ಲಾ ಅವ್ನು?” ಅಂತ ಟೇಪಿನ ಕಡೆಗೆ ಬೆರಳು ತೋರಿಸಿದರು. ಪಾಪ, ಅವರ ಇಡೀ ಜೀವನದಲ್ಲಿ ಯಾರಾದರೂ ಎದುರಿಗೆ ಅಂಕಿ ಕೂಗಿದರೆ ಅದರ ಮೇಲೆ ಒಂದು ಏರಿಸುವುದಷ್ಟೇ ಅಭ್ಯಾಸ. ನಾನು ಟೇಪು ನಿಲ್ಲಿಸಿದೆ. “ಮಾಲು ನಂಗೇ ತಾನೇ?” ಅಂತ ಕೇಳಿ ಸಮಾಧಾನದಿಂದ ಕೂತರು.

ಇಂಥ ದಿನಗಳಲ್ಲಿ ಬಂದವಳು ಪವಿತ್ರ. ಮಾಗಡಿ ರಸ್ತೆಯ ಒಂದು ಹಳ್ಳಿಯವಳು, ಇನ್ನೂ ಮೂವತ್ತಾಗಿರಲಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ ದೊಡ್ಡ ಡಾಕ್ಟರು ಹಿಂದೆಯೇ ಗುರುತಿಸಿ ಔಷಧಿ ಕೊಡುತ್ತಿದ್ದರು. ಬಿಡದಿ ಹತ್ತಿರದ ಒಂದು ವೈರಿನ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಮುಂದೆ ಉದ್ದನೆಯ ಬೋರ್ಡು ನಿಧಾನವಾಗಿ ಸರಿಯುತ್ತಿರುತ್ತದೆ, ಬಣ್ಣಬಣ್ಣದ ವೈರುಗಳನ್ನು ಸರಿಯಾದ ಜಾಗಕ್ಕೆ ಸಿಕ್ಕಿಸಿ ಕಟ್ಟು ಕಟ್ಟಬೇಕು. ಅವರ ಮನೆಯಲ್ಲಿ ತಿಂಗಳ ಸಂಬಳ ಅಂತ ತಂದ ಮೊದಲನೆಯವಳೇ ಅವಳು. ಈಚೆಗೆ ಅವಳು ಕಟ್ಟಿದ ಕಟ್ಟುಗಳಲ್ಲಿ ವೈರು ಬಿಟ್ಟುಹೋಗುತ್ತಿತ್ತು. ಕಂಪನಿಯ ಆಫೀಸರು ಕರೆದು ಒಂದು ತಿಂಗಳ ಗಡುವು ಕೊಟ್ಟು ಹೇಳಿದರಂತೆ: ಕಾಯಿಲೆಯಿಂದ ಹೀಗಾಗುತ್ತಿದೆ ಅಂತ ಆಸ್ಪತ್ರೆಯವರು ಹೇಳಿದರೆ ಬೇರೆ ಜಾಗ ನೋಡೋಣ, ಕಾಯಿಲೆಯಿಂದ ಅಲ್ಲ ಅಂದರೆ ಇದು ಅಜಾಗರೂಕತೆ, ಮನೆಗೆ ಹೋಗಬೇಕಾಗುತ್ತದೆ. ಮಾತು ಸ್ಪಷ್ಟವಾಗಿತ್ತು. ಆದರೆ ಅದನ್ನು ಮನೆಗೆ ಹೊತ್ತುಕೊಂಡು ಹೋಗುವಷ್ಟರಲ್ಲಿ “ಆಸ್ಪತ್ರೇಲಿ ಪರೀಕ್ಷೆ ಐತಂತೆ” ಅನ್ನುವುದಷ್ಟೇ ಉಳಿದಿತ್ತು.

ಅವಳ ಜೊತೆ ಬಂದವರು ಅತ್ತೆ ಚೌಡಮ್ಮ. ಮಗ ಲಾರಿ ಓಡಿಸುತ್ತಾ ಊರೂರು ಸುತ್ತುತ್ತಿದ್ದನಾದ್ದರಿಂದ ಸೊಸೆಯ ಎಲ್ಲ ಜವಾಬ್ದಾರಿ ಅವರದ್ದೇ. ಮಂಡಿ ನೋವಿದ್ದರೂ ಬಾಯಿಗೆ ಯಾವ ನೋವೂ ಇಲ್ಲದ ಹೆಂಗಸು. ನಾನು ಪವಿತ್ರಳನ್ನು ಕೇಳಿದೆ, “ಏನಮ್ಮ ನಿನ್ನ ಹೆಸರು?”

“ಪವಿತ್ರ ಅಂತ ಕಣವ್ವ,” ಅಂದರು ಚೌಡಮ್ಮ.

“ಎಷ್ಟನೇ ಕ್ಲಾಸು ಓದಿದ್ದೀಯ?”

“ಎಸ್ಸೆಲ್ಸಿ ಪಾಸು. ಲೆಕ್ಕದಲ್ಲಿ ಒಸಿ ಕಮ್ಮಿ ಬಂತು, ಆ ಮೇಷ್ಟ್ರೇ ಸರಿ ಇರ್ಲಿಲ್ಲ.”

“ಅಮ್ಮಾ, ಅವಳು ಹೇಳಲಿ.”

“ಅವಳ್ದೂ ಅದೇಯ, ನಂದೂ ಅದೇಯ. ಯಾರೇಳಿದ್ರೇನು ಬುಡಿ.”

ಹೊರಗೆ ಕೂತಿರಿ ಅಂದೆ. ಚೌಡಮ್ಮ ಕಣ್ಣು ಕಣ್ಣು ಬಿಟ್ಟರು. ನಮ್ಮ ಕಡೆ ಯಾರೂ ಡಾಕ್ಟರ ಹತ್ತಿರ ಒಬ್ಬರೇ ಹೋಗುವುದಿಲ್ಲ. ನೋವು ಒಬ್ಬರದ್ದಾದರೂ ಹೇಳುವುದು ಮನೆಯವರ ಕೆಲಸ. ಕಾಯಿಲೆಯವರನ್ನು ಕೂರಿಸಿ ಮಾತಾಡಿಸುವುದೇ ನಿಷ್ಕರುಣೆ ಅಂತ ಭಾವನೆ. ಕೊನೆಗೆ ಬಾಗಿಲ ಬಳಿ ಕೂರುತ್ತೇನೆ ಅಂತ ಒಪ್ಪಿಕೊಂಡು, ಬಾಗಿಲನ್ನು ಅರ್ಧ ತೆಗೆದಿಟ್ಟುಕೊಂಡು, ನಾನು ಕೇಳಿದ ಪ್ರತಿಯೊಂದಕ್ಕೂ ಅಲ್ಲಿಂದಲೇ ಉತ್ತರ ಕೊಟ್ಟರು. ಗುರುತುಗಳ ಹಾಳೆ ಇಟ್ಟಾಗ ಎದ್ದು ಬಂದು ತಲೆಕೆಳಗಾಗಿ ಅದನ್ನೂ ನೋಡಿಹೋದರು. ಇದು ಒಂದು ಪರೀಕ್ಷೆ. ವೃತ್ತ, ಗೆರೆ, ಕೊಂಡಿ ಅಂತ ಕೆಲವು ಗುರುತುಗಳು, ಒಂದೊಂದಕ್ಕೂ ಒಂದು ಅಂಕಿ. ಕೆಳಗೆ ಬರೀ ಗುರುತುಗಳ ಸಾಲು ಇರುತ್ತದೆ, ಮೇಲೆ ನೋಡಿಕೊಂಡು ಬೇಗ ಬೇಗ ಅಂಕಿ ಹೇಳಬೇಕು. ಯೋಚನೆಯ ವೇಗ ಗೊತ್ತಾಗುವುದು ಇದರಲ್ಲೇ. ಆ ದಿನ ನನಗೆ ಗೊತ್ತಾಗಿದ್ದು ಚೌಡಮ್ಮನ ವೇಗ, ಅದು ಬಹಳ ಚೆನ್ನಾಗಿತ್ತು. ಮುಂದಿನ ವಾರ ಬನ್ನಿ ಅಂತ ಕಳಿಸಿದೆ.

ಮುಂದಿನ ವಾರ ಬಂದರು. ಚೌಡಮ್ಮ ತಾವಾಗಿಯೇ ಹೊರಗೆ ಕೂತರು. ನನಗೆ ಪರಮಾಶ್ಚರ್ಯ. ನೆನಪಿನ ಪರೀಕ್ಷೆಗೆ ಒಂದಷ್ಟು ಪದ ಓದಿ ಹೇಳುತ್ತೇನೆ, ಕೇಳಿಸಿಕೊಂಡು ವಾಪಸ್ ಹೇಳಬೇಕು ಅಂದೆ. “ಮಡಕೆ” ಅಂತ ಶುರು ಮಾಡಿದೆ ಅಷ್ಟೇ. ಪವಿತ್ರ ಕಣ್ಣು ಮುಚ್ಚಿಕೊಂಡು, “ಮಡಕೆ, ಗಿಳಿ, ಕಂಬ, ಬೆಲ್ಲ, ದೋಣಿ, ಚಾಪೆ...” ಅಂತ ಇಡೀ ಪಟ್ಟಿಯನ್ನು ನಾನು ಓದುವ ಮೊದಲೇ ಒಪ್ಪಿಸಿಬಿಟ್ಟಳು. ನೆನಪಿನ ಶಕ್ತಿ ಅಂದರೆ ಇದು, ಇನ್ನೂ ಹೇಳದೇ ಇದ್ದದ್ದನ್ನೂ ನೆನಪಿಟ್ಟುಕೊಳ್ಳುವುದು! ಗುರುತುಗಳ ಹಾಳೆಯನ್ನೂ ಮೇಲೆ ನೋಡದೆಯೇ ಬಹುಮಟ್ಟಿಗೆ ಸರಿಯಾಗಿ ಓದಿದಳು. ಹೊರಗಿನಿಂದ “ಒಂದೂ ಬುಡ್ನಿಲ್ಲ ತಾನೇ?” ಅಂತ ಚೌಡಮ್ಮನ ದನಿ ಬಂತು.

ದೊಡ್ಡ ಡಾಕ್ಟರು ಅಂಕ ನೋಡಿದರು. “ನಾನು ಹೇಳಿರ್ಲಿಲ್ವಾ? ನಾರ್ಮಲ್. ಬರೆದುಕೊಟ್ಟು ಕಳಿಸಿ.” ಇವಳು ನಾರ್ಮಲ್ ಅಂತ ನಾವು ಬರೆದರೆ ಅಲ್ಲಿ ಅವಳು ಅಜಾಗರೂಕಳು ಅಂತಾಗುತ್ತದೆ, ನಾಳೆಯಿಂದ ಕಂಪನಿ ಬಸ್ಸು ಅವಳನ್ನು ಬಿಟ್ಟು ಹೋಗುತ್ತದೆ. “ಸಾರ್, ನಾನಿನ್ನೂ ಮುಗಿಸಿಲ್ಲ” ಅಂದೆ. “ಮುಗಿಸಿ, ಮುಗಿಸಿ” ಅನ್ನುತ್ತಾ ಕಾರು ಹತ್ತಿದರು.

ಮರುದಿನ ಮಾಗಡಿಯಲ್ಲಿ ನಮ್ಮ ಕ್ಯಾಂಪು. ಆಸ್ಪತ್ರೆಯ ವ್ಯಾನು ಕೆಟ್ಟಿದ್ದರಿಂದ ಖಾಸಗಿ ಬಸ್ಸಿನಲ್ಲಿ ಹೋದೆ. ನನ್ನ ಹಿಂದಿನ ಸೀಟಿನಲ್ಲಿ ಇಬ್ಬರು ಗಂಡಸರು. ಒಬ್ಬ ಇನ್ನೊಬ್ಬನಿಗೆ ಪಾಠ ಹೇಳುತ್ತಿದ್ದ.

“ಗಿಳಿ ಆದ್ಮೇಲೆ ಏನ್ಲಾ?”

“ಬೆಲ್ಲ.”

“ಬೆಲ್ಲ ಅಲ್ಲ ಕಣ್ಲಾ, ಕಂಬ! ಕಂಬ ಆದ್ಮೇಲೆ ಬೆಲ್ಲ. ಹಿಂಗಾದ್ರೆ ನಿಮ್ಮಪ್ಪಂಗೆ ಏನ್ ಹೇಳ್ಕೊಡ್ತೀಯ? ಆಯಮ್ಮ ತಲೆ ಕೆಟ್ಟೈತೆ ಅಂತ ಬರ್ದ್ಬುಡ್ತಾಳೆ!”

ಆಯಮ್ಮ ಅಂದರೆ ನಾನು. ಸೆರಗು ತಲೆ ಮೇಲೆ ಎಳೆದುಕೊಂಡೆ. ಕಂಡಕ್ಟರು ಟಿಕೆಟ್ ಹರಿಯುತ್ತಾ ಬಂದವನು, “ಚಾಪೆ ಆದ್ಮೇಲೆ ಗರಗಸ, ಮರೀಬೇಡಿ” ಅಂತ ಅವರಿಗೆ ಹೇಳಿ ಮುಂದೆ ಹೋದ. ಪಾರ್ಶ್ವವಾಯು, ತಲೆಗೆ ಏಟು, ಏನೇ ಆಗಿ ಬಂದವರಿಗೂ ನಾನು ಅದೇ ಪಟ್ಟಿ ಓದುತ್ತಿದ್ದೆನಲ್ಲ. ಒಳಗೆ ಹೋಗಿಬಂದವರು ಬೆಂಚಿನ ಮೇಲಿದ್ದವರಿಗೆ ಹೇಳಿದ್ದಾರೆ, ಬೆಂಚಿನವರು ಬಸ್ಸಿಗೆ ಹೇಳಿದ್ದಾರೆ. ಯಾರಿಗೂ ಮೋಸದ ಬುದ್ಧಿ ಇರಲಿಲ್ಲ. ಕಷ್ಟದಲ್ಲಿರುವವರಿಗೆ ಕೈಲಾದ ಸಹಾಯ ಅಷ್ಟೇ. ಸಿಟ್ಟು ಬರಬೇಕಾದ ಜಾಗದಲ್ಲಿ ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು.

ನಗುತ್ತಲೇ ಪವಿತ್ರಳ ಊರಿನ ಗೇಟು ಬಸ್ ಸ್ಟಾಪಿನಲ್ಲಿ ಇಳಿದುಬಿಟ್ಟೆ. ಕ್ಯಾಂಪಿಗೆ ಆಮೇಲೆ ಹೋದರಾಯಿತು. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಯಾಕೆಂದರೆ ಹೊಸ್ತಿಲ ಮುಂದೆ ಸಾರಿಸಿದ ನೆಲದ ಮೇಲೆ, ಎಲ್ಲರ ಮನೆಯಲ್ಲೂ ಇರುವಂಥ ಎಳೆ ರಂಗೋಲಿಯ ಬದಲು, ನನ್ನ ಪರೀಕ್ಷೆಯ ಗುರುತುಗಳಿದ್ದವು! ವೃತ್ತ, ಕೊಂಡಿ, ಗೆರೆ, ಎಲ್ಲ ಸಾಲಾಗಿ, ಕೆಳಗೆ ಅಂಕಿಗಳು. ಚೌಡಮ್ಮ ಹೊರಬಂದು ಹೆಮ್ಮೆಯಿಂದ ನಿಂತರು. “ನಾನು ಓದಿದವಳಲ್ಲ ಮ್ಯಾಡಮ್ಮಾರೆ. ಕಣ್ಣಲ್ಲಿ ನೋಡ್ಕಂಡು ಬಂದು ಎಳ್ದೆ. ದಿನಾ ಬೆಳಿಗ್ಗೆ ಇವಳ ಕೈಲಿ ಓದುಸ್ತೀನಿ. ಅಕ್ಕಪಕ್ಕದೋರು ಇದ್ಯಾವ ದೇವ್ರಿಗೆ ಅಂತ ಕೇಳಿದ್ರು. ಕೆಂಗಲ್ ಆಂಜನೇಯಂಗೆ ಹರಕೆ ಅಂದ್ಬುಟ್ಟೆ!”

ಕಾಫಿ ಬಂತು. ಕುಡಿದು ಮೆಲ್ಲಗೆ ವಿಷಯ ತೆಗೆದೆ. “ಅಮ್ಮಾ, ಪವಿತ್ರ ಹೀಗೆ ಚೆನ್ನಾಗಿ ಮಾಡಿದರೆ ಅವಳಿಗೇನೂ ತೊಂದರೆ ಇಲ್ಲ ಅಂತ ನಾವು ಬರೆಯಬೇಕಾಗುತ್ತದೆ.”

“ಅದೇ ತಾನೇ ನಮಗೂ ಬೇಕಾಗಿರೋದು?”

“ತೊಂದರೆ ಇಲ್ಲದಿದ್ದರೂ ವೈರು ಬಿಡ್ತಾಳೆ ಅಂದರೆ ಕಂಪನಿಯವರು ಕೆಲಸದಿಂದ ತೆಗೀತಾರೆ. ಕಾಯಿಲೆಯಿಂದ ತೊಂದರೆ ಆಗಿದೆ ಅಂತ ಗೊತ್ತಾದರೆ ಕೆಲಸ ಉಳಿಯುತ್ತೆ.”

ಚೌಡಮ್ಮ ನನ್ನನ್ನೇ ನೋಡಿದರು. “ಅಂದ್ರೆ, ಪಾಸಾದ್ರೆ ಕೆಲಸ ಹೋಯ್ತದೆ, ಫೇಲಾದ್ರೆ ಉಳೀತದಾ?”

“ಸುಮಾರಾಗಿ ಹಾಗೇ.”

“ಇದ್ಯಾವ ಸೀಮೆ ಪರೀಕ್ಷೆ ಕಣವ್ವ! ಮದ್ಲೇ ಬೊಗಳಬಾರ್ದಿತ್ತಾ?” ಅಂದವರು ನಾಲಿಗೆ ಕಚ್ಚಿಕೊಂಡು ಕೆನ್ನೆ ಬಡಿದುಕೊಂಡರು. ಆಮೇಲೆ ದನಿ ತಗ್ಗಿಸಿ, “ತಲೆ ಕೆಟ್ಟೈತೆ ಅಂತ ಬರೀತೀರಾ? ಮನೇಲಿ ನನ್ನ ಮಗಳವ್ಳೆ, ಗಂಡು ನೋಡ್ತಾ ಇವ್ನಿ” ಅಂದರು. ತಲೆ ಕೆಟ್ಟಿದೆ ಅಂತ ಯಾರಿಗೂ ಬರೆಯುವುದಿಲ್ಲ, ಇದು ಹುಚ್ಚಲ್ಲ, ನರದ ಹೊದಿಕೆ ಹೋಗಿರುವುದು ಅಷ್ಟೇ ಅಂತ ವಿವರಿಸಿದೆ. ಅಷ್ಟರವರೆಗೆ ಸುಮ್ಮನಿದ್ದ ಪವಿತ್ರ ಬಾಗಿಲಿಗೆ ಒರಗಿಕೊಂಡು, “ವೈರಿನ ಮೇಲಿನ ಪ್ಲಾಸ್ಟಿಕ್ ಕಿತ್ತೋದಂಗೆ ಅತ್ತೆ” ಅಂದಳು. ಅವಳ ಬಾಯಿಂದ ನಾನು ಕೇಳಿದ ಮೊದಲ ಸ್ವಂತ ಮಾತು ಅದು. ಅರ್ಥವಾಯಿತು ಅಂದುಕೊಂಡು ನಾನು ನೆಮ್ಮದಿಯಿಂದ ಮಾಗಡಿ ಬಸ್ಸು ಹತ್ತಿದೆ.

ಏನು ಅರ್ಥವಾಗಿತ್ತು ಅನ್ನುವುದು ಮುಂದಿನ ವಾರ ತಿಳಿಯಿತು. ಆ ದಿನ ದೊಡ್ಡ ಡಾಕ್ಟರನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ, ನೋಡಲಿ ಅಂತ.

“ನಿನ್ನ ಹೆಸರೇನಮ್ಮ?”

“ಗೊತ್ತಿಲ್ಲ ಮೇಡಂ,” ಅಂದಳು ಪವಿತ್ರ.

“ಇದು ಯಾವ ಊರು?”

“ಗೊತ್ತಿಲ್ಲ.”

“ಇವರು ಯಾರು?” ಅಂತ ಬಾಗಿಲಲ್ಲಿದ್ದ ಚೌಡಮ್ಮನನ್ನು ತೋರಿಸಿದೆ. ಪವಿತ್ರ ಅತ್ತೆಯ ಮುಖ ನೋಡಿದಳು. ಅತ್ತೆ ಕಣ್ಣಲ್ಲೇ ಗದರಿಸಿದರು. “ಯಾರೋ ಕಾಣೆ” ಅಂದಳು. ಚೌಡಮ್ಮ ನಿಟ್ಟುಸಿರು ಬಿಟ್ಟು, “ನೋಡಿ ಸ್ವಾಮಿ, ಸಾಕಿದ ಹಸೂನೂ ಬೆಳಿಗ್ಗೆ ಗುರ್ತಿಸ್ನಿಲ್ಲ” ಅಂದರು. ಎರಡಕ್ಕೆ ಎರಡು ಕೂಡಿಸಿದರೆ ಎಷ್ಟು ಅಂದರೆ ಪವಿತ್ರ ಬಹಳ ಹೊತ್ತು ಯೋಚಿಸಿ “ನಲವತ್ತು” ಅಂದಳು. ಗಂಗಣ್ಣ ಬಾಗಿಲ ಹಿಂದೆ ಬಾಯಿಗೆ ಟವೆಲು ತುರುಕಿಕೊಂಡು ನಿಂತಿದ್ದ.

ದೊಡ್ಡ ಡಾಕ್ಟರು ಕೆಂಡಾಮಂಡಲವಾದರು. “ನಾಟಕ ಆಡ್ತಿದೀರಾ? ಹೋದ ವಾರ ನೂರಕ್ಕೆ ನೂರು, ಈ ವಾರ ಸ್ವಂತ ಹೆಸರು ಗೊತ್ತಿಲ್ಲ! ಮೇಡಂ, ಇವರು ಬೇಕೂಂತ ಮಾಡ್ತಿದಾರೆ ಅಂತ ಬರೀರಿ!” ಚೌಡಮ್ಮ ಡಾಕ್ಟರ ಕಾಲಿಗೆ ಬೀಳಲು ಬಗ್ಗಿದರು, ಮಂಡಿ ನೋವಿಗೆ ಅರ್ಧಕ್ಕೇ ನಿಂತರು. “ಅವಳ್ದೇನೂ ತಪ್ಪಿಲ್ಲ ಸ್ವಾಮಿ, ಹೇಳ್ಕೊಟ್ಟೋಳು ನಾನು. ಪಾಸಾದ್ರೂ ಬಯ್ತೀರಾ, ಫೇಲಾದ್ರೂ ಬಯ್ತೀರಾ, ನಾವೇನ್ ಮಾಡಾನಾ?” ಅಂತ ಅತ್ತೇಬಿಟ್ಟರು. ಆಗ ನಗು ಬರಲಿಲ್ಲ. ಕಂಪನಿಯವರು ಕೊಟ್ಟ ಗಡುವು ಮುಗಿಯುತ್ತಾ ಬಂದಿತ್ತು. ನಾರ್ಮಲ್ ಅಂದರೂ ಕೆಲಸ ಹೋಗುತ್ತದೆ, ನಾಟಕ ಅಂದರೂ ಹೋಗುತ್ತದೆ. ನಿಜ ಏನು ಅನ್ನುವುದು ಮಾತ್ರ ನಮ್ಮ ಯಾರ ಹತ್ತಿರವೂ ಇರಲಿಲ್ಲ. “ಸಾರ್, ಇವತ್ತೇ ಇನ್ನೊಂದು ಸಲ ನೋಡ್ತೀನಿ. ನನಗೆ ಒಂದು ಗಂಟೆ ಕೊಡಿ” ಅಂತ ಕೈಮುಗಿದೆ. ಡಾಕ್ಟರು ಗಡಿಯಾರ ನೋಡಿಕೊಂಡರು, ಇಡ್ಲಿಯ ಆಸೆ ಬಿಟ್ಟರು, ತಮ್ಮ ರೂಮಿಗೆ ಹೋಗಿ ಕೂತರು.

ಗಂಗಣ್ಣನಿಗೆ ಹೇಳಿ ಚೌಡಮ್ಮನನ್ನು ಆಸ್ಪತ್ರೆಯ ಆಚೆ ಕ್ಯಾಂಟೀನಿಗೆ ಕಳಿಸಿದೆ. ಅಲ್ಲಿ ಅವರು ಅವನಿಗೆ ತಮ್ಮ ವಂಶದ ಮೂರು ತಲೆಮಾರಿನ ಕತೆ ಹೇಳಿದರಂತೆ, ಅದು ಬೇರೆ ಮಾತು. ಬಾಗಿಲು ಹಾಕಿದೆ. ಬಸ್ಸು ಕೇಳಿರದ ಹೊಸ ಪದಗಳನ್ನು ನಿಂತ ನಿಲುವಿನಲ್ಲೇ ಕಟ್ಟಿದೆ. ಹಾಳೆಯ ಗುರುತುಗಳಿಗೆ ಬೇರೆ ಅಂಕಿ ಬರೆದೆ. ಪವಿತ್ರ ಕೈ ಹಿಸುಕಿಕೊಳ್ಳುತ್ತಾ ಕೂತಿದ್ದಳು. ಬಹಳ ಹೊತ್ತಿನ ಮೇಲೆ ಕೇಳಿದಳು: “ಈಗ ಪಾಸಾಗ್ಲಾ, ಫೇಲಾಗ್ಲಾ ಮೇಡಂ?”

“ಎರಡೂ ಬೇಡ ಕಣಮ್ಮ. ನಿನಗೆ ಬಂದಷ್ಟು ಮಾಡು.”

ಪದಗಳನ್ನು ನಿಧಾನವಾಗಿ ಓದಿದಾಗ ಅವಳಿಗೆ ನೆನಪುಳಿದವು. ಹೇಳುವುದಕ್ಕೆ ಹೊತ್ತು ಹಿಡಿಯಿತು, ಅಷ್ಟೇ. ಗುರುತುಗಳ ಹಾಳೆ ಇಟ್ಟೆ. ಅವಳ ಬೆರಳು ಒಂದು ಗುರುತಿನ ಮೇಲೆ ನಿಲ್ಲುವುದು, ಕಣ್ಣು ಮೇಲಿನ ಸಾಲಿಗೆ ಹೋಗುವುದು, ಕೆಳಗೆ ಬರುವುದು, ಮತ್ತೆ ಮೇಲೆ ಹೋಗುವುದು. ಆಮೇಲೆ ಅಂಕಿ. ಸರಿಯಾದ ಅಂಕಿ. ಒಂದೂ ತಪ್ಪಿಲ್ಲ. ಗಡಿಯಾರ ಕೂಗಿದಾಗ ಬೇರೆಯವರು ಮುಟ್ಟುವ ಜಾಗದ ಅರ್ಧ ದಾರಿಗೂ ಅವಳು ಬಂದಿರಲಿಲ್ಲ. ಉಳಿದ ಪರೀಕ್ಷೆಗಳಲ್ಲೂ ಹೀಗೇ ಆಯಿತು. ನೆನಪಿದೆ, ತಿಳಿವಳಿಕೆ ಇದೆ, ವೇಗ ಮಾತ್ರ ಇಲ್ಲ. ಈ ಕಾಯಿಲೆಯಲ್ಲಿ ಆಗುವುದೇ ಹಾಗೆ. ಇಂಥದ್ದನ್ನು ಯಾರಿಗೂ ಕಲಿಸಿಕೊಟ್ಟು ಆಡಿಸುವುದಕ್ಕೆ ಆಗುವುದಿಲ್ಲ.

ಪೆನ್ನು ಕೆಳಗಿಟ್ಟೆ. ಪವಿತ್ರ ಅಳುತ್ತಿದ್ದಳು.

“ಗೊತ್ತಿಲ್ಲ ಅಂತಲ್ಲ ಮೇಡಂ. ಗೊತ್ತಿರ್ತದೆ. ಬರೋದು ತಡ ಆಯ್ತದೆ. ಕೆಂಪು ವೈರು ಎಲ್ಲಿಗೆ ಅಂತ ನಂಗೊತ್ತು. ಅದು ಮನಸಿಗೆ ಬರೋ ಹೊತ್ಗೆ ಬೋರ್ಡು ಮುಂದಕ್ಕೆ ಹೋಗಿರ್ತದೆ.” ಸ್ವಲ್ಪ ಹೊತ್ತು ನಿಲ್ಲಿಸಿದಳು. ನಾನು ಮಧ್ಯೆ ಬಾಯಿ ಹಾಕಲಿಲ್ಲ. “ಮನೇಲೂ ಅಷ್ಟೇಯ. ಯಾರಾದ್ರೂ ಏನಾದ್ರೂ ಕೇಳಿದ್ರೆ ನಾನು ಒಳಗೇ ಹುಡುಕ್ತಾ ಇರ್ತೀನಿ. ಅಷ್ಟ್ರಲ್ಲಿ ಅತ್ತೆ ಹೇಳ್ಬುಡ್ತಾರೆ. ಒಳ್ಳೇದಕ್ಕೇ ಹೇಳ್ತಾರೆ. ಈಗೀಗ ನಾನು ಹುಡುಕೋದೂ ಬುಟ್ಬುಟ್ಟಿದ್ದೀನಿ.”

ಅಷ್ಟು ದಿನ ಊಟ ಮಾಡಿದೆಯಾ, ನಿದ್ದೆ ಬಂತಾ ಅಂತ ಕೇಳಿದವರಿಗೆಲ್ಲ ಚೌಡಮ್ಮನೇ ಉತ್ತರ ಕೊಟ್ಟು ಕೊಟ್ಟು, ಈ ಹುಡುಗಿ ಒಳಗೆ ಹುಡುಕುತ್ತಿದ್ದಾಳೆ ಅನ್ನುವುದೇ ಯಾರಿಗೂ ಕಾಣದೆ ಹೋಗಿತ್ತು. ಅವಳನ್ನು ಕರೆದೊಯ್ದು ದೊಡ್ಡ ಡಾಕ್ಟರ ಮುಂದೆ ಹಾಳೆ ಇಟ್ಟೆ. ಅವರು ಅವಳನ್ನು ಕೂರಿಸಿ, “ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದೆ ಹೇಳಮ್ಮ” ಅಂತ ಕೇಳಿ, ಮೊದಲ ಸಲ ಸುಮ್ಮನೆ ಕಾದರು. ಅವಳು ಹೇಳಿ ಮುಗಿಸುವವರೆಗೂ ಕಾದರು. ಆಮೇಲೆ ನನ್ನ ಕಡೆ ನೋಡಿ, “ಇಷ್ಟು ದಿನ ನಾನು ಇವಳನ್ನ ಮಾತಾಡಿಸೇ ಇರ್ಲಿಲ್ಲ ಅಲ್ವೇನ್ರೀ” ಅಂದರು. ಅವತ್ತಿನಿಂದ ನನಗೆ ಅವರ ಮೇಲಿದ್ದ ಸಿಟ್ಟು ಹೋಯಿತು.

ಚೌಡಮ್ಮನನ್ನು ಕರೆಸಿ ವಿಷಯ ಹೇಳಿದೆ. ಅವರು ಮಾತೇ ಆಡಲಿಲ್ಲ. ನನಗೆ ಗಾಬರಿಯಾಯಿತು. ಕೊನೆಗೆ, “ಹಂಗಾರೆ ನಾನೇ ಅವಳ ಬಾಯಿ ಕಿತ್ಕಂಡ್ಬುಟ್ನಾ ಮ್ಯಾಡಮ್ಮಾ?” ಅಂದರು.

“ಇಲ್ಲಮ್ಮ. ನೀವು ಕೈ ಹಿಡಿದಿರಿ. ಈಗ ಸ್ವಲ್ಪ ಬಿಟ್ಟು ನಿಲ್ಲಬೇಕು ಅಷ್ಟೇ. ಯಾರಾದರೂ ಕೇಳಿದರೆ ಅವಳಿಗೆ ಟೈಮ್ ಕೊಡಿ.”

“ಎಷ್ಟೊತ್ತು?”

“ಬರೋವರೆಗೂ.”

“ಅಬ್ಬಾ!” ಅಂದರು ಚೌಡಮ್ಮ. ಅದು ಅವರಿಗೆ ಎಂಥ ಶಿಕ್ಷೆ ಅಂತ ನನಗೆ ಗೊತ್ತಿತ್ತು, ಯಾಕೆಂದರೆ ಬಾಯಿ ಮುಚ್ಚಿಕೊಂಡಿರಲಾರದ ಆ ಕಾಯಿಲೆ ನನಗೂ ಇದೆ.

ಕಂಪನಿಯ ಆಫೀಸರು ವರದಿ ಓದಿ, ಯಾರಾದರೂ ಬಂದು ವಿವರಿಸಿದರೆ ಒಳ್ಳೆಯದು ಅಂತ ಹೇಳಿಕಳಿಸಿದ್ದರಿಂದ ನಾನು, ಪವಿತ್ರ, ಚೌಡಮ್ಮ ಮೂವರೂ ಬಿಡದಿಗೆ ಹೋದೆವು. ಗಾಜಿನ ರೂಮು, ತಣ್ಣಗೆ ಎ.ಸಿ. ಚೌಡಮ್ಮ ಸೆರಗು ಹೊದ್ದು ಕುರ್ಚಿಯ ತುದಿಯಲ್ಲಿ ಕೂತರು. ಆಫೀಸರು ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ನಾನು ಹೇಳುವುದನ್ನೆಲ್ಲ ಕೇಳಿದರು. “ಬೇರೆ ಜಾಗ ಕೊಡಬಹುದು ಮೇಡಂ. ಆದರೆ ಇವರ ಕೈಲಿ ಏನಾಗುತ್ತೆ ಅನ್ನೋದು ನಮಗೆ ಖಾತ್ರಿ ಆಗಬೇಕಲ್ಲ” ಅಂದವರು ಪವಿತ್ರಳ ಕಡೆ ತಿರುಗಿದರು. “ನೀವೇ ಹೇಳಿ. ಈ ಕಂಪನೀಲಿ ನೀವು ಮಾಡಬಹುದು ಅನ್ನೋ ಕೆಲಸ ಯಾವುದು?”

ಪವಿತ್ರ ಮೇಜು ನೋಡುತ್ತಾ ಕೂತಳು. ಉತ್ತರ ಬರಲಿಲ್ಲ. ಎ.ಸಿ. ಗುಂಯ್‌ಗುಡುತ್ತಿತ್ತು. ಆಫೀಸರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು, ಕೈಗಡಿಯಾರ ನೋಡಿಕೊಂಡರು. ಅವರ ಮುಖದಲ್ಲಿ ಇದು ಆಗುವ ಹೋಗುವ ಕೆಲಸವಲ್ಲ ಅನ್ನುವ ಭಾವನೆ ಮೂಡುವುದು ನನಗೆ ಕಂಡಿತು. ಇನ್ನು ತಡೆಯಲಾರೆ ಅನ್ನಿಸಿತು. ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು, ಬೇಕಾದರೆ ಭಾಷಣವನ್ನೇ ಮಾಡುತ್ತಿದ್ದೆ. “ಸಾರ್, ಅವಳು—” ಅಂತ ಬಾಯಿ ತೆರೆದೆ. ಮೇಜಿನ ಕೆಳಗೆ ಯಾರೋ ನನ್ನ ತೊಡೆಯನ್ನು ಹಿಡಿದು ತಿರುಪಿ ಚಿವುಟಿದರು. ಜೀವ ಹೋದಂತಾಯಿತು. ನೋಡಿದರೆ ಚೌಡಮ್ಮ. ಅವರ ತುಟಿ ಬಿಗಿದುಕೊಂಡು ನಡುಗುತ್ತಿತ್ತು, ಹಣೆಯ ಮೇಲೆ ಆ ತಣ್ಣನೆ ರೂಮಿನಲ್ಲೂ ಬೆವರಿತ್ತು.

“ಪರವಾಗಿಲ್ಲ, ಮೇಡಂ ಅವರೇ ಹೇಳಲಿ ಬಿಡಿ,” ಅಂದರು ಆಫೀಸರು.

“ಒಸಿ ತಡೀರಿ ಸ್ವಾಮಿ,” ಅಂದರು ಚೌಡಮ್ಮ. “ಅವಳೇ ಹೇಳ್ತಾಳೆ. ಬತ್ತಾ ಐತೆ.”

ಬಂತು.

“ಲೈನ್ ಬ್ಯಾಡ ಸಾರ್. ಕೊನೇಲಿ ಚೆಕ್ಕಿಂಗ್ ಟೇಬಲ್ ಐತಲ್ಲ, ಅಲ್ಲಿಗೆ ಹಾಕಿ. ಅಲ್ಲಿ ಬೋರ್ಡು ಓಡಲ್ಲ. ಕಟ್ಟು ಕೈಲಿ ಹಿಡ್ಕಂಡು ನೋಡ್ಬೋದು. ನಾನು ನಿಧಾನ. ಆದ್ರೆ ತಪ್ಪಿದ್ರೆ ಬುಡಲ್ಲ.”

ಆಫೀಸರು ಪೆನ್ನಿನ ಮುಚ್ಚಳ ತೆಗೆದವರು ಹಾಕಲಿಲ್ಲ, ಬರೆದುಕೊಂಡರು. “ಸೋಮವಾರದಿಂದ ಅಲ್ಲಿಗೆ ಬನ್ನಿ” ಅಂದರು.

ಅಷ್ಟು ಉದ್ದದ ಮಾತನ್ನು ಸೊಸೆಯ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ, ಚೌಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದರು. ಪವಿತ್ರ ಅವರ ಬೆನ್ನು ಸವರುತ್ತಾ ಏನೋ ಹೇಳಲು ಹೊರಟಳು. ಅದು ಬರುವುದಕ್ಕೂ ಹೊತ್ತು ಹಿಡಿಯಿತು. ಆಫೀಸರೂ ಸೇರಿ ನಾವು ಮೂವರೂ ಕಾದೆವು.